ಒಂದು ಹಳೆಯ ಹಾರ್ಮೋನಿಯಂ ವ್ಯಾಪಾರ

(ಬಾನುಲಿ ಭಾಷಣ)

ನಮ್ಮ ತುಮಕೂರು ಸೀಮೆಯಲ್ಲಿ ಮಾರಾಟಕ್ಕೆ ಬರುವ ಹಳೆಯ ಕಾಲು ಹಾರ್ಮೋನಿಯಂಗಳೆಲ್ಲವೂ ಒಂದಾನೊಂದು ಕಾಲಕ್ಕೆ ಗುಬ್ಬಿ ಕಂಪನಿಗೆ ಸೇರಿದವು. ಹಾಗೆಂದು ಮಾರುವವರು ಹೇಳುತ್ತಾರೆ. ಅವರ ಮಾತನ್ನೆಲ್ಲ ನಂಬಿ ಲೆಕ್ಕ ಹಾಕುತ್ತ ಹೋದರೆ, ವೀರಣ್ಣನವರ ಕಂಪನಿಯಲ್ಲಿ ನಟರಿಗಿಂತ ಹಾರ್ಮೋನಿಯಂಗಳ ಸಂಖ್ಯೆಯೇ ಹೆಚ್ಚಾಗಿತ್ತೆಂದು ತೀರ್ಮಾನಿಸಬೇಕಾಗುತ್ತದೆ. ಇದನ್ನು ನಾನು ಹಾಸ್ಯಕ್ಕಾಗಿ ಹೇಳುತ್ತಿಲ್ಲ. ಹಳೆಯ ವಾದ್ಯವನ್ನು ಕೊಳ್ಳಹೊರಟವನಿಗೆ ಮೊದಲು ಎದುರಾಗುವುದು ವಾದ್ಯವಲ್ಲ, ಅದರ ಕಥೆ. ಕಥೆಗೆ ಕಿವಿಗೊಟ್ಟವನು ವಾದ್ಯಕ್ಕೆ ಕಿವಿಗೊಡುವುದನ್ನು ಮರೆಯುತ್ತಾನೆ. ನಾನೂ ಒಮ್ಮೆ ಮರೆತು ಮೋಸಹೋದವನು. ಎರಡನೆಯ ಬಾರಿ ನಡೆದ ವ್ಯಾಪಾರವನ್ನು ತಮ್ಮ ಮುಂದೆ ನಿವೇದಿಸಿಕೊಳ್ಳುವುದಕ್ಕೆ ಇಂದು ಈ ಅವಕಾಶವನ್ನು ಬಳಸಿಕೊಳ್ಳುತ್ತಿದ್ದೇನೆ.

ಕಾಲು ಹಾರ್ಮೋನಿಯಮ್ಮನ್ನು ನೋಡದವರಿಗಾಗಿ ಎರಡು ಮಾತು. ಭಜನೆಮನೆಗಳಲ್ಲಿ ನೆಲದ ಮೇಲೆ ಕುಳಿತು, ಒಂದು ಕೈಯಿಂದ ತಿದಿ ಒತ್ತುತ್ತ ಮತ್ತೊಂದು ಕೈಯಿಂದ ನುಡಿಸುವ ಪೆಟ್ಟಿಗೆ ಇದಲ್ಲ. ಇದು ಮೇಜಿನ ಎತ್ತರದ ಮರದ ಗೂಡು. ಕೆಳಗೆ ಎರಡು ಕಾಲುಮಣೆಗಳು. ಹಾರ್ಮೋನಿಯಂ ಮೇಷ್ಟ್ರು ಕುರ್ಚಿಯ ಮೇಲೆ ಕುಳಿತು ಸೈಕಲ್ಲು ತುಳಿದಂತೆ ಅವನ್ನು ಒಂದಾದ ಮೇಲೊಂದು ತುಳಿಯಬೇಕು. ಒಳಗಿನ ತಿದಿ ತುಂಬಿ, ಗಾಳಿ ಮೇಲೇರಿ, ಬೆರಳು ಒತ್ತಿದ ಮನೆಯ ಕೆಳಗಿರುವ ಹಿತ್ತಾಳೆಯ ನಾಲಗೆಯನ್ನು ಅಲುಗಿಸುತ್ತದೆ. ಪ್ಯಾರಿಸಿನ ಅಲೆಕ್ಸಾಂಡರ್ ಡೆಬೇನ್ ಎಂಬಾತ ೧೮೪೦ರ ದಶಕದ ಆರಂಭದಲ್ಲಿ ಹಾರ್ಮೋನಿಯಂ ಎಂದು ಹೆಸರಿಟ್ಟು ಹಕ್ಕುಪತ್ರ ಪಡೆದದ್ದು ಇಂಥ ವಾದ್ಯಕ್ಕೇ. ಅದು ಹಡಗು ಹತ್ತಿ ಈ ದೇಶಕ್ಕೆ ಬಂದ ಮೇಲೆ ಕಲ್ಕತ್ತೆಯ ದ್ವಾರಕಾನಾಥ ಘೋಷರಂಥ ಕುಶಲಿಗಳು ಅದರ ಕಾಲು ಕಳಚಿ, ತಿದಿಯನ್ನು ಬೆನ್ನಿಗೆ ಕಟ್ಟಿ, ನೆಲದ ಮೇಲೆ ಕೂರುವ ನಮಗೆ ಒಗ್ಗಿಸಿದರು. ನಾಟಕದವರು ಮಾತ್ರ ಕಾಲನ್ನು ಬಿಡಲಿಲ್ಲ. ಕಾಲು ತುಳಿಯುತ್ತಿದ್ದರೆ ಎರಡೂ ಕೈ ಬಿಡುವಾಗಿರುತ್ತವೆ. ಅದಕ್ಕಿಂತ ಮುಖ್ಯವಾಗಿ, ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ಡೇರೆಯ ಕೊನೆಯ ಸಾಲಿನ ನೆಲದ ಗಿರಾಕಿಗೂ ಕೇಳಿಸಬೇಕಾದರೆ ಎರಡು ಕಾಲಿನ ಬಲ ಬೇಕಾಗಿತ್ತು.

ಗುಬ್ಬಿಯ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು ೧೮೮೪ರಲ್ಲಿ. ಬಾಲಕನಾಗಿ ಅದನ್ನು ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾಗಿ, ಕುರುಕ್ಷೇತ್ರದ ರಂಗಕ್ಕೆ ನಿಜವಾದ ಆನೆ ಕುದುರೆಗಳನ್ನೇ ತಂದು ನಿಲ್ಲಿಸಿದರು. ರಾಜಕುಮಾರರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಅಲ್ಲಿ ನಟರಾಗಿದ್ದರು. ಬಿ. ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಹೋಗಿ ಸೇರಿದ್ದೂ ಅಲ್ಲಿಗೇ. ೧೯೭೨ರಲ್ಲಿ ವೀರಣ್ಣನವರು ತೀರಿಕೊಂಡರು. ಆದರೆ ಆ ಕಂಪನಿಯ ರುಚಿ ಈ ಜಿಲ್ಲೆಯ ನಾಲಗೆಯಿಂದ ಹೋಗಿಲ್ಲ. ಇವತ್ತಿಗೂ ಸುಗ್ಗಿ ಮುಗಿಯಿತೆಂದರೆ ಹಳ್ಳಿಹಳ್ಳಿಗಳಲ್ಲಿ ರೈತರೂ, ಅಂಗಡಿಯವರೂ, ಬಸ್ಸಿನ ಕಂಡಕ್ಟರೂ ಸೇರಿ, ಪಾತ್ರಕ್ಕಿಷ್ಟೆಂದು ತಾವೇ ಹಣ ಹಾಕಿ, ಹಾರ್ಮೋನಿಯಂ ಮೇಷ್ಟ್ರೊಬ್ಬರನ್ನು ಗೊತ್ತುಮಾಡಿಕೊಂಡು, ತಿಂಗಳುಗಟ್ಟಲೆ ತಾಲೀಮು ನಡೆಸಿ ಕುರುಕ್ಷೇತ್ರವಾಡುತ್ತಾರೆ. ಗುಬ್ಬಿಯ ಪಕ್ಕದ ಹಳ್ಳಿಯೊಂದರ ಅಂಥದೊಂದು ತಂಡದ ಹುಡುಗರು ನನ್ನ ಬಳಿ ಬಂದು, 'ಸಾರ್, ನಮಗೊಂದು ಕಾಲ್ ಹಾರ್ಮೋನಿಯಂ ನೋಡಿಕೊಡಿ, ಎಲ್ಲಾ ಸೇರಿ ನಲವತ್ತು ಸಾವಿರ ಮಾಡಿದೀವಿ' ಎಂದಾಗ, ಇಷ್ಟು ದಿನ ಸುಮ್ಮನಿದ್ದ ನನ್ನ ಹಳೆಯ ಚಪಲ ಮತ್ತೆ ತಲೆಯೆತ್ತಿತು.

ಇಲ್ಲೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ನಾನು ಹಾರ್ಮೋನಿಯಮ್ಮಿನ ಗುಣಗಾನ ಮಾಡುತ್ತಿರುವುದು ಬಾನುಲಿಯಲ್ಲಿ. ಇದೇ ಬಾನುಲಿ ೧೯೪೦ರ ಮಾರ್ಚಿ ತಿಂಗಳಿನಲ್ಲಿ ಹಾರ್ಮೋನಿಯಮ್ಮಿಗೆ ಬಾಗಿಲು ಮುಚ್ಚಿತ್ತು. ದಿಲ್ಲಿ ನಿಲಯದಲ್ಲಿ ಪಾಶ್ಚಾತ್ಯ ಸಂಗೀತವನ್ನು ನೋಡಿಕೊಳ್ಳುತ್ತಿದ್ದ ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷ್ ಸಂಗೀತಕಾರರು ಅದರ ವಿರುದ್ಧ ಬರೆದಿದ್ದರು. ರವೀಂದ್ರನಾಥ ಠಾಕೂರರಿಗೂ ಅದು ಸೇರುತ್ತಿರಲಿಲ್ಲ. ಸುಮಾರು ಮೂವತ್ತು ವರ್ಷಗಳ ನಂತರ, ೧೯೭೧ರ ಹೊತ್ತಿಗೆ, ಆ ನಿಷೇಧ ಸಡಿಲವಾಯಿತು. ಅವರ ಆಕ್ಷೇಪಣೆ ಬರಿಯ ಮತ್ಸರವಾಗಿರಲಿಲ್ಲ. ಹಾರ್ಮೋನಿಯಂ ಗಮಕ ನುಡಿಯಲಾರದು. ಒಂದು ಮನೆಯಿಂದ ಇನ್ನೊಂದು ಮನೆಗೆ ಅದು ಜಾರುವುದಿಲ್ಲ, ಹಾರುತ್ತದೆ. ಷಡ್ಜಕ್ಕೆ ಶುದ್ಧವಾಗಿ ಹೊಂದುವ ಅಂತರ ಗಾಂಧಾರದ ಪ್ರಮಾಣ ೧.೨೫ ಆದರೆ, ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ ಈ ಪೆಟ್ಟಿಗೆಯಲ್ಲಿ ಅದು ೧.೨೬. ತಂಬೂರಿಯ ಪಕ್ಕದಲ್ಲಿಟ್ಟರೆ ಆ ಗಾಂಧಾರ ಚುಚ್ಚುತ್ತದೆ. ಇದೆಲ್ಲ ನಿಜ. ಆದರೆ ನಡುರಾತ್ರಿಯಲ್ಲಿ ಬಯಲಿನ ರಂಗದ ಮೇಲೆ, ದಿನವಿಡೀ ತೆಂಗಿನಕಾಯಿ ಸುಲಿದು ಬಂದ ಮನುಷ್ಯನೊಬ್ಬ ಕರ್ಣನ ಕಿರೀಟ ಹೊತ್ತು ಹಾಡಲು ಬಾಯಿ ತೆರೆದಾಗ, ಅವನ ಕೈಹಿಡಿದು ನಡೆಸುವುದು ತಂಬೂರಿಯಲ್ಲ, ಇದು. ಆ ಋಣವನ್ನು ಶಾಸ್ತ್ರಜ್ಞರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂಬುದು ನನ್ನ ಅಭಿಪ್ರಾಯ.

ಕುಣಿಗಲ್ಲಿನಲ್ಲಿ ಒಂದು ಕಾಲು ಹಾರ್ಮೋನಿಯಂ ಮಾರಾಟಕ್ಕಿದೆಯೆಂದು ಸುದ್ದಿ ಬಂತು. ತೀರಿಕೊಂಡ ಹಾರ್ಮೋನಿಯಂ ಮೇಷ್ಟ್ರೊಬ್ಬರ ಮನೆ. ಮಾರುವವರು ಅವರ ಮಗಳು. ತುಮಕೂರಿನ ರಿಪೇರಿಗಾರರೊಬ್ಬರನ್ನು ಜೊತೆಗೆ ಕರೆದುಕೊಂಡು ಒಂದು ಭಾನುವಾರ ಬೆಳಿಗ್ಗೆ ಹೊರಟೆ. ಇವರು ಮಿತಭಾಷಿ; ವಾದ್ಯದ ಎದುರಿಗಂತೂ ಮೌನಿ. ಕುಣಿಗಲ್ಲು ಕುದುರೆಗಳಿಗೆ ಹೆಸರಾದ ಊರು. ಕುದುರೆ ಕೊಳ್ಳುವವನು ಮೊದಲು ಅದರ ಹಲ್ಲು ನೋಡುತ್ತಾನಂತೆ. ಹಾರ್ಮೋನಿಯಂ ಕೊಳ್ಳುವವನೂ ಬಾಯಿ ಬಿಡಿಸಿಯೇ ನೋಡಬೇಕು, ಆದರೆ ಕೊನೆಗೆ. ಮೊದಲು ನೋಡಬೇಕಾದದ್ದು ಉಸಿರು.

ಮಗಳು ನಮಗೆ ಮಜ್ಜಿಗೆ ಕೊಟ್ಟು, ಹೊದಿಸಿದ್ದ ಹಳೆಯ ಜಮಖಾನವನ್ನು ತೆಗೆದರು. 'ಗುಬ್ಬಿ ಕಂಪ್ನೀದು ಮೇಷ್ಟ್ರೇ' ಎಂದರು. ನಾನು ನಿರೀಕ್ಷಿಸಿದ್ದ ಮಾತು. 'ಬೆಂಗಳೂರಿನವರೊಬ್ರು ಬಂದು ನೋಡ್ಕೊಂಡು ಹೋದ್ರು. ಅರವತ್ತು ಸಾವಿರ ಅಂದವ್ರೆ. ಯಾವುದೋ ಹೋಟ್ಲು ಮುಂದೆ ಇಡ್ತಾರಂತೆ, ಚೆಂದಕ್ಕೆ.'

ನನ್ನ ಎದೆ ಕುಸಿಯಿತು. ಆದರೂ ಬಂದದ್ದಾಗಿದೆ, ನೋಡಿಯೇ ಹೋಗೋಣವೆಂದು ಕುಳಿತೆ.

ಹಳೆಯ ಹಾರ್ಮೋನಿಯಮ್ಮಿನ ಮುಂದೆ ಕುಳಿತವನು ಕೂಡಲೇ ನುಡಿಸತೊಡಗಬಾರದು. ಇದೇ ನಾನು ಮೊದಲ ಸಲ ಮಾಡಿದ ತಪ್ಪು. ನುಡಿಸಿದೊಡನೆ ಮನಸ್ಸು ರಾಗದ ಬೆನ್ನು ಹತ್ತಿ ಹೋಗುತ್ತದೆ, ದೋಷ ಕಾಣುವುದಿಲ್ಲ. ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಾಲನ್ನು ಮಾತ್ರ ತುಳಿಯಬೇಕು. ತಿದಿ ತುಂಬಿದ ಮೇಲೆ ನಿಲ್ಲಿಸಿ, ಮನಸ್ಸಿನಲ್ಲೇ ಎಣಿಸುತ್ತ, ಅದು ಎಷ್ಟು ಹೊತ್ತು ಉಸಿರು ಹಿಡಿಯುತ್ತದೆಂಬುದನ್ನು ನೋಡಬೇಕು. ಆ ಮೌನದಲ್ಲಿ ಯಾರೂ ಒತ್ತದೆ ಒಂದು ಮನೆ ತಾನಾಗಿ ಗುಂಯ್‌ಗುಟ್ಟಿದರೆ, ಅದರ ಕೆಳಗಿನ ಮುಚ್ಚಳದ ತೊಗಲು ಸವೆದಿದೆ, ಇಲ್ಲವೇ ಸ್ಪ್ರಿಂಗು ಸೋತಿದೆ. ಬುಸ್ಸೆಂಬ ಸದ್ದಷ್ಟೇ ಬಂದರೆ ತಿದಿಯ ಮೂಲೆಯಲ್ಲಿ ಇಲಿಯೋ ಜಿರಲೆಯೋ ಕೆಲಸ ಮಾಡಿದೆ. ಇವೆರಡಕ್ಕೂ ಮದ್ದುಂಟು. ತೊಗಲು ಹೊಸದು ಹಾಕಬಹುದು, ಬಟ್ಟೆ ಅಂಟಿಸಬಹುದು. ಕುಣಿಗಲ್ಲಿನ ಪೆಟ್ಟಿಗೆ ಇಪ್ಪತ್ತು ಎಣಿಸುವುದರೊಳಗೆ ಉಸಿರು ಬಿಟ್ಟಿತು. ರಿಪೇರಿಗಾರರು ತಲೆಯಾಡಿಸಿದರು. ಅವರ ಭಾಷೆಯಲ್ಲಿ ಅದಕ್ಕೆ 'ಪರವಾಗಿಲ್ಲ' ಎಂದರ್ಥ.

ಅನಂತರ ಒಂದೊಂದೇ ಸ್ಟಾಪರನ್ನು ಎಳೆದು, ಒಂದೊಂದೇ ಮನೆಯನ್ನು, ಅವಸರವಿಲ್ಲದೆ, ಎಡತುದಿಯಿಂದ ಬಲತುದಿಗೆ ಒತ್ತಬೇಕು. ಎಲ್ಲ ಸಾಲುಗಳನ್ನೂ ಒಟ್ಟಿಗೆ ತೆರೆದು ನುಡಿಸಿದರೆ ಒಂದರ ತಪ್ಪನ್ನು ಇನ್ನೊಂದು ಮುಚ್ಚಿಕೊಳ್ಳುತ್ತದೆ, ಕೂಡುಕುಟುಂಬದಲ್ಲಿ ಆದಂತೆ. ಮಂದ್ರದ ನಾಲಗೆ ತಡವಾಗಿ ನುಡಿದರೆ ಹೆಚ್ಚಾಗಿ ಧೂಳೇ ಕಾರಣ. ನುಡಿಯುವಾಗ ಗೊರಗೊರ ಎಂದರೆ ಅದು ಬೇರೆ ಮಾತು. ದಣಿದ ಹಿತ್ತಾಳೆ ಬುಡದಲ್ಲಿ ಬಿರುಕುಬಿಡುತ್ತಿದೆಯೆಂದು ಸಂಶಯಪಡಬೇಕು. ಒಂದು ಮನೆಯ ಧ್ವನಿ ಅಕ್ಕಪಕ್ಕದವುಗಳಿಗಿಂತ ತೆಳುವಾಗಿಯೋ ಗಡುಸಾಗಿಯೋ ಕೇಳಿದರೆ, ಅದು ಬೇರೆ ಸಂಸಾರದಿಂದ ತಂದು ಸೇರಿಸಿದ ನಾಲಗೆ. ಕೊನೆಗೆ ಮಧ್ಯ ಷಡ್ಜವನ್ನೂ ತಾರ ಷಡ್ಜವನ್ನೂ ಜೊತೆಗೆ ಹಿಡಿದು ಆಲಿಸಬೇಕು. ಎರಡೂ ಕೂಡಿದರೆ ಒಂದೇ ನಾದ. ಕೂಡದಿದ್ದರೆ ನಾದದಲ್ಲಿ ಅಲೆ ಏಳುತ್ತದೆ. ಅಲೆ ಎಷ್ಟು ಬೇಗ ಬೇಗ ಬರುತ್ತದೋ ಅಷ್ಟು ದೂರ ಅವು ಸರಿದಿವೆ. ಈ ಪೆಟ್ಟಿಗೆಯಲ್ಲಿ ಮೂರು ಪರಕೀಯ ನಾಲಗೆಗಳಿದ್ದುವು. ಮಂದ್ರದ ಒಂದು ಗೊರಗುಟ್ಟಿತು. ಮಿಕ್ಕದ್ದು, ಇಷ್ಟು ವರ್ಷದ ಮೇಲೆ, ಆಶ್ಚರ್ಯವೆನಿಸುವಷ್ಟು ಹೊಂದಿಕೊಂಡಿತ್ತು.

ಬೆಂಗಳೂರಿನಲ್ಲಿರುವ ನನ್ನ ಸೋದರಳಿಯ ಹಳೆಯ ಸಿಂಥೆಸೈಜರ್ ಎಂಬ ವಿದ್ಯುತ್ ವಾದ್ಯವೊಂದನ್ನು ಕೊಂಡಾಗ ಹೇಳಿದ್ದು ಆಗ ನೆನಪಾಯಿತು. ಅಮೆರಿಕದ ರಾಬರ್ಟ್ ಮೂಗ್ ೧೯೬೦ರ ದಶಕದಲ್ಲಿ ರೂಪಿಸಿದ ಈ ಬಗೆಯ ವಾದ್ಯದಲ್ಲಿ ಗಾಳಿಯಿಲ್ಲ, ನಾಲಗೆಯಿಲ್ಲ. ವಿದ್ಯುತ್ತಿನ ಏರಿಳಿತವೇ ಸ್ವರವಾಗುತ್ತದೆ. ೧೯೭೦ರಲ್ಲಿ ಬಂದ ಮಿನಿಮೂಗ್ ಒಂದು ಸಲಕ್ಕೆ ಒಂದೇ ಸ್ವರವನ್ನು ನುಡಿಯಬಲ್ಲದು, ಮನುಷ್ಯನ ಕಂಠದಂತೆ. ಎಡಗೈಯ ಪಕ್ಕದಲ್ಲಿರುವ ಗಾಲಿಯನ್ನು ತಿರುಗಿಸಿದರೆ ಸ್ವರ ಜಾರುತ್ತದೆ. ಫೌಲ್ಡ್ಸರು ಹಾರ್ಮೋನಿಯಮ್ಮಿನಲ್ಲಿ ಕಾಣದೆ ಕೊರಗಿದ್ದು ಆ ಗಾಲಿಯಲ್ಲಿತ್ತು! ಅದನ್ನು ಕೊಳ್ಳುವಾಗಲೂ, ಹಾಕಿದೊಡನೆ ನುಡಿಸಬಾರದಂತೆ. ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, ಶ್ರುತಿ ಎಲ್ಲಿ ಬಂದು ನಿಲ್ಲುತ್ತದೆಂದು ಕಾಯಬೇಕಂತೆ; ಪ್ರತಿಯೊಂದು ಮನೆಯನ್ನೂ, ಪ್ರತಿಯೊಂದು ತಿರುಪನ್ನೂ ಮುಟ್ಟಿ ನೋಡಬೇಕಂತೆ; ಒಳಗೆ ಒಣಗಿದ ಕೆಪಾಸಿಟರುಗಳನ್ನು ಬದಲಾಯಿಸಬಹುದಂತೆ. ಯಾರೋ ಅರ್ಧ ತಿಳಿದವರು ಬೆಸುಗೆ ಹಾಕಿ ಕೆಡಿಸಿದ್ದರೆ ಮಾತ್ರ ಹಣ ಕೊಡದೆ ಎದ್ದು ಬರಬೇಕಂತೆ. ಕೇಳಿ ನನಗೆ ನಗು ಬಂತು. ಹೆಸರುಗಳನ್ನು ಬದಲಿಸಿದರೆ ನಮ್ಮ ರಿಪೇರಿಗಾರರ ಮಾತೇ ಅದು.

ರಿಪೇರಿಗಾರರು ಮೇಲಿನ ಹಲಗೆಯ ತಿರುಪು ಬಿಚ್ಚಿ, ಮನೆಗಳ ಚೌಕಟ್ಟನ್ನು ಎತ್ತಿ, ನಾಲಗೆಗಳ ಸಾಲಿಗೆ ಟಾರ್ಚು ಹಿಡಿದರು. ಇಲ್ಲಿ ಕೊಳ್ಳುವವನು ಹುಡುಕಬೇಕಾದದ್ದು ಅರದ ಗೀರುಗಳನ್ನು. ಹಿತ್ತಾಳೆಯ ನಾಲಗೆಯ ತುದಿಯನ್ನು ಕೆರೆದರೆ ತುದಿ ಹಗುರವಾಗಿ ಶ್ರುತಿ ಏರುತ್ತದೆ. ಬುಡವನ್ನು ಕೆರೆದರೆ ಬಿಗಿ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಏರಿಸಿದ್ದನ್ನು ಇಳಿಸಬಹುದು, ಇಳಿಸಿದ್ದನ್ನು ಏರಿಸಬಹುದು; ಆದರೆ ಪ್ರತಿ ಸಲವೂ ಒಂದಿಷ್ಟು ಹಿತ್ತಾಳೆ ಪುಡಿಯಾಗಿ ಹೋಗುತ್ತದೆ. ತಿದಿ, ತೊಗಲು, ಮರ, ಮನೆ ಎಲ್ಲವನ್ನೂ ಮತ್ತೆ ಹಾಕಬಹುದು. ಹೋದ ಹಿತ್ತಾಳೆಯನ್ನು ಹಿಂದಕ್ಕೆ ತರುವವರಿಲ್ಲ. ತುದಿಯಲ್ಲೂ ಬುಡದಲ್ಲೂ ಗೀರು ತುಂಬಿದ ನಾಲಗೆಗಳನ್ನು ಕಂಡರೆ, ಕವಚದ ಮೇಲೆ ಎಂಥ ಪಾಲಿಶ್ ಹೊಳೆಯುತ್ತಿದ್ದರೂ ಆ ವಾದ್ಯದ ಆಯುಸ್ಸು ತೀರಿತೆಂದೇ ತಿಳಿಯಬೇಕು. ನಾನು ಮೊದಲ ಸಲ ಕೊಂಡದ್ದು ಅಂಥದನ್ನೇ.

ಇಲ್ಲಿ ಗೀರುಗಳು ಬಹಳ ಕಡಿಮೆ. ಕೆಲವು ನಾಲಗೆಗಳನ್ನು ಅರ ಮುಟ್ಟಿಯೇ ಇರಲಿಲ್ಲ. ತೀರಿಕೊಂಡ ಮೇಷ್ಟ್ರು ಲೋಭಿಯ ಹಾಗೆ ಹಿತ್ತಾಳೆಯನ್ನು ಕಾಪಾಡಿದ್ದರು. ರಿಪೇರಿಗಾರರು ಅಂದು ಮೊದಲ ಬಾರಿಗೆ ಬಾಯಿಬಿಟ್ಟು, 'ಒಳ್ಳೆ ಕೈ' ಎಂದರು.

ಆಗಲೇ ಒಳಹಲಗೆಯ ಮೇಲೆ ಸೀಸದ ಕಡ್ಡಿಯ ಬರಹ ಕಾಣಿಸಿತು. ಯಾವ ಶಿವರಾತ್ರಿಗೆ ಶ್ರುತಿ ಮಾಡಿದ್ದು, ಯಾವ ವರ್ಷ ತೊಗಲು ಹಾಕಿಸಿದ್ದು, ಎಲ್ಲ ಗುಂಡಗಿನ ಅಕ್ಷರದಲ್ಲಿ. ಎಲ್ಲಕ್ಕೂ ಕೆಳಗೆ, ಬೆಂಗಳೂರು ಪೇಟೆಯ ಒಂದು ಅಂಗಡಿಯಿಂದ ಹೊಸದಾಗಿ ತಂದದ್ದೆಂಬ ಒಕ್ಕಣೆ. ಅದರ ಮುಂದೆ ಕಂತಿನ ಲೆಕ್ಕ. ಹದಿನಾಲ್ಕು ಕಂತು. ಕೊನೆಯದರ ಪಕ್ಕದಲ್ಲಿ 'ಸಂದಾಯ' ಎಂದು ಬರೆದು ಎರಡು ಗೆರೆ ಎಳೆದಿದ್ದರು.

ಎಂದರೆ ಇದು ಗುಬ್ಬಿ ಕಂಪನಿಯದಲ್ಲ. ಮನೆಗಳ ಸವೆತವನ್ನು ನೋಡಿದಾಗಲೇ ನನಗೆ ಅನುಮಾನವಿತ್ತು. ಕಂಪನಿಯ ನಟರು ಹಾಡುತ್ತಿದ್ದದ್ದು ಏರುಶ್ರುತಿಯಲ್ಲಿ, ಬಿಳಿ ನಾಲ್ಕು ಐದರ ಆಸುಪಾಸಿನಲ್ಲಿ. ಇಲ್ಲಿ ಬಣ್ಣ ಹೋಗಿದ್ದದ್ದು ಕಪ್ಪು ಒಂದರಲ್ಲೂ ಅದಕ್ಕೆ ಪಂಚಮವಾದ ಕಪ್ಪು ನಾಲ್ಕರಲ್ಲೂ. ಅದು ಹಳ್ಳಿಯವರಿಗೆ ಪಾಠ ಹೇಳುವ ಮೇಷ್ಟ್ರ ಬೆರಳಿನ ಗುರುತು.

ಈಗ ನನ್ನ ಸಂಕಟವನ್ನು ತಾವು ಊಹಿಸಬೇಕು. ನಿಜ ಹೇಳಿದರೆ ಅರವತ್ತು ಸಾವಿರದ ಬೆಲೆ ಬೀಳುತ್ತದೆ. ಬಿದ್ದರೆ ಅದು ನನ್ನ ಹುಡುಗರ ಕೈಗೆಟಕುತ್ತದೆ. ಕೊಳ್ಳುವವನ ಬಾಯಿಂದ ಬರುವ ನಿಜಕ್ಕೆ ಯಾವಾಗಲೂ ಚೌಕಾಶಿಯ ವಾಸನೆಯಿರುತ್ತದೆ. ಹೇಳದೆ ಎದ್ದು ಬಂದರೆ, ಸುಳ್ಳಿನ ಬಲದಿಂದ ಆ ಹೆಣ್ಣುಮಗಳಿಗೆ ಮೂವತ್ತು ಸಾವಿರ ಹೆಚ್ಚು ಸಿಕ್ಕುತ್ತದೆ. ಯಾವುದು ಧರ್ಮ? ನಾನು ಸ್ವಲ್ಪ ಹೊತ್ತು ಮಜ್ಜಿಗೆಯ ಲೋಟವನ್ನು ನೋಡುತ್ತ ಕುಳಿತೆ. ಆಮೇಲೆ ಹಲಗೆಯನ್ನು ಅವರ ಕಡೆಗೆ ತಿರುಗಿಸಿ, ಕಂಡದ್ದನ್ನು ಕಂಡಂತೆ ಹೇಳಿದೆ. ಅದರ ಜೊತೆಗೇ, 'ನುಡಿಸುವ ವಾದ್ಯವಾಗಿ ಇದಕ್ಕೆ ಮೂವತ್ತು ಸಾವಿರ ನ್ಯಾಯ, ರಿಪೇರಿಗೆ ಇನ್ನು ಹತ್ತು ಬೇಕು, ನಮ್ಮ ಹತ್ತಿರ ಇರುವುದೂ ಅಷ್ಟೇ. ಬೆಂಗಳೂರಿನವರು ಕೊಡುವುದು ಅದಕ್ಕೆ ಎರಡರಷ್ಟು. ತಾವು ಅವರಿಗೇ ಕೊಟ್ಟರೆ ನಾನು ಖಂಡಿತ ತಪ್ಪು ತಿಳಿಯುವುದಿಲ್ಲ' ಎಂದೆ.

'ಈ ಬರ್ದಿರೋದು ನಂಗೊತ್ತು ಮೇಷ್ಟ್ರೇ' ಎಂದರು ಆಕೆ. 'ಸಣ್ಣೋಳಾಗಿದ್ದಾಗ್ಲೇ ನೋಡಿದೀನಿ. ತುಮಕೂರಲ್ಲಿ ಕಂಪ್ನಿ ಕ್ಯಾಂಪ್ ಹಾಕ್ದಾಗ ಅಪ್ಪ ದಿನಾ ರಾತ್ರಿ ಹೋಗಿ ಹಾರ್ಮೋನಿಯಂ ಪಕ್ಕಾನೇ ಕೂತ್ಕೊತಿದ್ರಂತೆ. ಅಂಥದ್ದೇ ಬೇಕು ಅಂತ ಇದನ್ನ ತಂದ್ರು. ಕೊನೆಕೊನೆಗೆ ಅವ್ರೇ ಇದು ಕಂಪ್ನೀದು ಅನ್ನೋಕೆ ಶುರು ಮಾಡಿದ್ರು. ನಾವ್ಯಾರೂ ಅಲ್ಲ ಅನ್ಲಿಲ್ಲ.'

ಹೀಗೆಂದು ಆಕೆ ಒಳಗೆ ಹೋಗಿ, ಬೆಂಗಳೂರಿನ ವ್ಯಾಪಾರಿಗೆ ಫೋನು ಮಾಡಿ ಎಲ್ಲವನ್ನೂ ತಿಳಿಸಿದರು. ಆತ ಪ್ರಾಮಾಣಿಕನೆಂದೇ ಹೇಳಬೇಕು. ಬೆಲೆಯನ್ನು ಒಂದು ರೂಪಾಯಿಯೂ ಇಳಿಸಲಿಲ್ಲ. ಗುಬ್ಬಿ ಕಂಪನಿಯ ಫಲಕವನ್ನು ತಾನೇ ಮಾಡಿಸಿ ಹಾಕುವುದಾಗಿಯೂ, ಒಳಗಿನ ಬರಹವನ್ನು ಪಾಲಿಶ್ ಮಾಡಿಸುವಾಗ ಉಜ್ಜಿಸಿಬಿಡುವುದಾಗಿಯೂ, ಅವರು ಚಿಂತಿಸಬೇಕಾಗಿಲ್ಲವೆಂದೂ ಹೇಳಿದನಂತೆ. ಆಕೆ ಹೊರಗೆ ಬಂದು ಇದನ್ನು ನಮಗೆ ಹೇಳಿ, ಹಲಗೆಯನ್ನು ಎತ್ತಿ ಅದರ ಜಾಗದಲ್ಲಿಟ್ಟು, 'ನೀವೇ ತಗೊಂಡು ಹೋಗಿ' ಎಂದರು. ಇನ್ನೊಂದು ದಿನ ಯೋಚಿಸಿ ಎಂದು ನಾನೂ ಹೇಳಿದೆ. ಅದಕ್ಕೆ ಅವರು ಉತ್ತರಕೊಡದೆ, ಪೆಟ್ಟಿಗೆ ಹೊರಲು ಪಕ್ಕದ ಮನೆಯ ಹುಡುಗರನ್ನು ಕೂಗಿದರು.

ರಿಪೇರಿ ಮುಗಿದು ವಾದ್ಯ ಹಳ್ಳಿಗೆ ಬಂದಾಗ ಹೊಸದೊಂದು ತಕರಾರು ಹುಟ್ಟಿತು. ಹುಡುಗರ ತಂಡದಲ್ಲಿ ಮೊದಲೇ ಒಂದು ವಿದ್ಯುತ್ ಕೀಬೋರ್ಡ್ ಇತ್ತು. ಯುದ್ಧದ ಸದ್ದು, ಗುಡುಗಿನ ಸದ್ದು ಎಲ್ಲ ಅದರದು. ಎರಡನ್ನೂ ಜೊತೆಗೆ ನುಡಿಸಿದರೆ ಅಲೆಯೋ ಅಲೆ. ಈಗಿನ ವಾದ್ಯಗಳು ಧೈವತಕ್ಕೆ, ಅಂದರೆ ಬಿಳಿ ಆರಕ್ಕೆ, ಸೆಕೆಂಡಿಗೆ ೪೪೦ ಕಂಪನವಿಟ್ಟುಕೊಂಡು ತಯಾರಾಗುತ್ತವೆ. ಮೇಷ್ಟ್ರ ಪೆಟ್ಟಿಗೆಯಲ್ಲಿ ಅದು ೪೩೫ರ ಹತ್ತಿರವಿತ್ತು. ಫ್ರೆಂಚರು ೧೮೫೯ರಲ್ಲಿ ಸರ್ಕಾರಿ ಆಜ್ಞೆಯಿಂದ ಗೊತ್ತುಮಾಡಿದ ಹಳೆಯ ಶ್ರುತಿ ಅದೇ. ಇಲ್ಲಿಗೆ ಹೇಗೆ ಬಂತೋ, ಮೊದಲಿನ ನಾಲಗೆಗಳ ಜೊತೆಗೇ ಬಂದಿರಬೇಕು. ಅರ್ಧಸ್ವರದ ಐದನೆಯ ಒಂದು ಪಾಲಿನಷ್ಟು ವ್ಯತ್ಯಾಸ. ಹುಡುಗರು, 'ಎಲ್ಲಾ ಒಂದ್ಸಲ ಕೆರೆದು ಏರಿಸಿಬಿಡಿ' ಎಂದು ರಿಪೇರಿಗಾರರನ್ನು ಒತ್ತಾಯಿಸಿದರು. ಎಲ್ಲ ನಾಲಗೆಗಳ ತುದಿಗೂ ಅರ! ಇಷ್ಟು ವರ್ಷ ಒಬ್ಬ ಮನುಷ್ಯ ಕಾದಿಟ್ಟ ಹಿತ್ತಾಳೆಯನ್ನು ಒಂದು ಮಧ್ಯಾಹ್ನದಲ್ಲಿ ಪುಡಿಮಾಡುವುದು. ನಾನು ಮಾತನಾಡಲು ಬಾಯಿ ತೆರೆದೆ. ಅಷ್ಟರಲ್ಲಿ ರಿಪೇರಿಗಾರರು ಎದ್ದು ಹೋಗಿ ಆ ಕೀಬೋರ್ಡಿನ ಮುಂದೆ ಕುಳಿತರು. ಅದರಲ್ಲಿ ಶ್ರುತಿಯನ್ನು ಏರಿಸಿ ಇಳಿಸುವ ಗುಂಡಿಯೊಂದಿರುತ್ತದೆಂಬುದು ಅದರ ಒಡೆಯನಿಗೇ ಗೊತ್ತಿರಲಿಲ್ಲ. ನನ್ನನ್ನು ಹಾರ್ಮೋನಿಯಮ್ಮಿನ ಬಿಳಿ ಆರನ್ನು ಹಿಡಿದಿರಲು ಹೇಳಿ, ತಾವು ಆ ಗುಂಡಿಯನ್ನು ಒಂದೊಂದೇ ಸಲ ಒತ್ತುತ್ತ ಬಂದರು. ಅಲೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು.

ಗೊರಗುಟ್ಟುತ್ತಿದ್ದ ಮಂದ್ರದ ನಾಲಗೆ ಮಾತ್ರ ರಿಪೇರಿಯಲ್ಲಿ ಮುರಿದೇ ಹೋಯಿತು. ಅದಕ್ಕೆ ಜೋಡಿಯಾಗುವಂಥದು ಗುಜರಾತಿನ ಪಾಲಿತಾಣದಿಂದ ಬರಬೇಕು; ಹಾರ್ಮೋನಿಯಂ ನಾಲಗೆಗಳ ತಯಾರಿಕೆಗೆ ಹೆಸರಾದ ಊರು ಅದು. ಬರೆದು ಹಾಕಿದ್ದೇವೆ. ಅಲ್ಲಿಯತನಕ ನಮ್ಮ ದುರ್ಯೋಧನನು ಆ ಒಂದು ಮನೆಯನ್ನು ಬಿಟ್ಟು ಹಾಡುತ್ತಿದ್ದಾನೆ.